ನೆಟ್ಟಗೆ ನಿಂತ ಪೆಟ್ಟಿಗೆ

ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಪಾದರಸ ಎಂದು ಕರೆಯುತ್ತಿದ್ದರು. ಪಾದರಸದ ಹಾಗೆ ಚುರುಕಿನ ಮನುಷ್ಯ ಎಂದು ನೀವು ಅಂದುಕೊಂಡರೆ, ಅವರು ಮೆಟ್ಟಿಲು ಹತ್ತುವುದನ್ನು ನೀವು ನೋಡಿಲ್ಲ ಎಂದೇ ಅರ್ಥ. ಕೆಳಗಿನ ಅಂಗಳದಿಂದ ನನ್ನ ಕೋಣೆಗೆ ಇಪ್ಪತ್ತೆರಡು ಮೆಟ್ಟಿಲು. ಅವರು ಹತ್ತಿ ಬರುವಷ್ಟರಲ್ಲಿ ನಾನು ಅರ್ಧ ಪುಟ ಟೈಪ್ ಮಾಡಿ ಮುಗಿಸಿರುತ್ತಿದ್ದೆ. ಆ ಹೆಸರು ಬಂದದ್ದು ಅವರು ಹೊತ್ತು ತಿರುಗುತ್ತಿದ್ದ ಪೆಟ್ಟಿಗೆಯಿಂದ. ಉದ್ದನೆಯ ಚರ್ಮದ ಪೆಟ್ಟಿಗೆ, ಅದರೊಳಗೆ ಎರಡು ಮೊಳದ ಗಾಜಿನ ನಳಿಗೆ, ನಳಿಗೆಯ ತುಂಬ ಪಾದರಸ. ಗಾಳಿಯ ಒತ್ತಡವನ್ನು ಅಳೆಯುವ ಮಾಪಕ ಅದು.

ನಾನು ಆ ಹವಾಮಾನ ಕಚೇರಿಯಲ್ಲಿ ಮೂವತ್ತಮೂರು ವರ್ಷ ಟೈಪಿಸ್ಟ್ ಆಗಿದ್ದವಳು. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸವಲ್ಲ, ಆದರೂ ತಿದ್ದುತ್ತಿದ್ದೆ. ನನಗೂ ಒಂದು ಅಡ್ಡಹೆಸರು ಇತ್ತು, ಸಿಡುಕಮ್ಮ ಅಂತ. ಬೆನ್ನ ಹಿಂದೆ ಹೇಳುತ್ತಿದ್ದರು, ಆದರೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಇರಲಿ, ಇದು ನನ್ನ ಕಥೆಯಲ್ಲ. ಅವರದ್ದು. ನನ್ನದೂ ಸ್ವಲ್ಪ ಸೇರಿಕೊಂಡಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಕ್ಕಪಕ್ಕದ ಐದು ದೇಶಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಗಾಳಿ, ಮಳೆ, ಒತ್ತಡ ನೋಡಿ ಒಬ್ಬರಿಗೊಬ್ಬರು ತಿಳಿಸಬೇಕು. ಒಂದು ಕಡೆ ಎದ್ದ ಬಿರುಗಾಳಿ ಇನ್ನೊಂದು ಕಡೆ ಮನೆ ಹಾರಿಸುವ ಮೊದಲೇ ಸುದ್ದಿ ಮುಟ್ಟಬೇಕು. ಮೋಡಗಳಿಗೆ ಗಡಿಯಿಲ್ಲ ಎಂಬ ವಾಕ್ಯವನ್ನು ನಮ್ಮ ನಿರ್ದೇಶಕರ ಭಾಷಣಗಳಲ್ಲಿ ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ, ಬೆರಳುಗಳಿಗೇ ಬಾಯಿಪಾಠವಾಗಿತ್ತು. ಮೋಡಗಳಿಗೆ ಇಲ್ಲದಿರಬಹುದು. ಮಾಪಕಗಳಿಗಂತೂ ಇತ್ತು. ಒಂದೊಂದು ದೇಶದ ಮಾಪಕ ಒಂದೊಂದು ರಾಗ ಹಾಡುತ್ತಿತ್ತು. ಎಲ್ಲವನ್ನೂ ಒಂದು ಶ್ರುತಿಗೆ ತರಬೇಕಾದರೆ ಒಂದೇ ಮಾಪಕವನ್ನು ಐದು ದೇಶಕ್ಕೂ ಕೊಂಡೊಯ್ದು, ಅಲ್ಲಿನದರ ಪಕ್ಕದಲ್ಲಿ ನೇತುಹಾಕಿ, ಹೋಲಿಸಿ ಬರಬೇಕು. ಅದನ್ನು ಹೊರುವವರು ಪಾದರಸ.

ಆ ಮಾಪಕವನ್ನು ಹೊರುವುದಕ್ಕೂ ಒಂದು ಕ್ರಮವಿದೆ. ಕೆಲಸ ಮಾಡುವಾಗ ಅದು ನೆಟ್ಟಗೆ ನಿಂತಿರಬೇಕು, ಪ್ರಯಾಣ ಮಾಡುವಾಗ ತಲೆಕೆಳಗಾಗಿರಬೇಕು. ಬುಡದ ತಿರುಪನ್ನು ಬಿಗಿದು, ಪಾದರಸ ನಳಿಗೆಯ ತುದಿಯವರೆಗೂ ತುಂಬಿಕೊಳ್ಳುವ ಹಾಗೆ ಮಾಡಿ, ಮಗುವನ್ನು ಮಗ್ಗುಲು ಬದಲಿಸುವ ಹಾಗೆ ಮೆಲ್ಲಗೆ ಬುಡ ಮೇಲೆ ಮಾಡಬೇಕು. ದಾರಿಯಲ್ಲಿ ಯಾರಾದರೂ ಅದನ್ನು ನೆಟ್ಟಗೆ ನಿಲ್ಲಿಸಿ, ನಾಲ್ಕು ಕುಲುಕಾಟ ಆದರೆ ಸಾಕು, ನಳಿಗೆಯ ತುದಿಯಲ್ಲಿ ಕೂದಲೆಳೆಯಷ್ಟು ಗಾಳಿ ಸೇರಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಅವತ್ತಿನಿಂದ ಮಾಪಕ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ನಿಯಮಾವಳಿಯ ಮೊದಲ ಸಾಲಿನಲ್ಲೇ, ಹೊತ್ತವನ ಕೈಯಿಂದ ಅದು ಒಂದು ಗಳಿಗೆಯೂ ಬೇರೆಯಾಗಬಾರದು ಎಂದು ಬರೆದಿತ್ತು. ಅದನ್ನೂ ನಾನೇ ಟೈಪ್ ಮಾಡಿದ್ದು.

ಪಾದರಸ ಆ ಸಾಲನ್ನು ಇಪ್ಪತ್ತು ವರ್ಷ ಪಾಲಿಸಿದರು. ರೈಲಿನಲ್ಲಿ ಕಾಲುಗಳ ನಡುವೆ ಪೆಟ್ಟಿಗೆ. ಊಟದ ಮೇಜಿನ ಹತ್ತಿರ ಪಕ್ಕದ ಕುರ್ಚಿಯಲ್ಲಿ ಪೆಟ್ಟಿಗೆ. ಮಲಗುವಾಗ ಮಣಿಕಟ್ಟಿಗೆ ಅದರ ಪಟ್ಟಿ. ಸ್ನಾನಕ್ಕೆ ಹೋದರೆ ಬಚ್ಚಲ ಮೂಲೆಯಲ್ಲಿ ಅದೂ ತಲೆಕೆಳಗಾಗಿ ನಿಂತಿರುತ್ತಿತ್ತು. ಒಂದು ಸುತ್ತು ಎಂದರೆ ನಲವತ್ತು ದಿನ. ಆ ನಲವತ್ತು ದಿನದಲ್ಲಿ ಅವರು ಮಾತನಾಡುತ್ತಿದ್ದದ್ದು ಟಿಕೆಟು ಕೊಡುವವರ ಜೊತೆ, ಗಡಿಯಲ್ಲಿ ಸಾಮಾನು ತಪಾಸಣೆ ಮಾಡುವವರ ಜೊತೆ, ಆಮೇಲೆ ಆಯಾ ಠಾಣೆಯ ವೀಕ್ಷಕರ ಜೊತೆ. ಅವರ ಜೊತೆಯೂ ಬರೀ ಅಂಕಿಗಳಲ್ಲಿ. ಉದ್ದನೆಯ ಪೆಟ್ಟಿಗೆ ತಬ್ಬಿಕೊಂಡು ಕೂತ ಮನುಷ್ಯನ ಪಕ್ಕ ಯಾರು ತಾನೇ ಕೂರುತ್ತಾರೆ? ಬಂದೂಕು ಇರಬಹುದು ಎಂದು ಕೆಲವರು ಎದ್ದು ಹೋಗುತ್ತಿದ್ದರಂತೆ. ಇದನ್ನು ಅವರು ತಮಾಷೆಯಾಗಿಯೇ ಹೇಳುತ್ತಿದ್ದರು, ನಾವೂ ನಗುತ್ತಿದ್ದೆವು.

ಮನೆಯಲ್ಲಿ ಅವರಿಗೆ ಇದ್ದವರು ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರೇ. ಎರಡು ಕೋಣೆಯ ಮನೆ, ಕಿಟಕಿಗೆ ಎದುರುಮನೆಯ ಗೋಡೆ. ದಾರಿಯಿಂದ ಅಕ್ಕನಿಗೆ ಕಾರ್ಡು ಬರೆಯುತ್ತಿದ್ದರು. ಒಮ್ಮೆ ಅಕ್ಕ ಒಂದನ್ನು ತಂದು ನನಗೆ ತೋರಿಸಿದ್ದರು. 'ನಾನು ಕ್ಷೇಮ. ಪೆಟ್ಟಿಗೆಯೂ ಕ್ಷೇಮ.' ಅಷ್ಟೇ.

"ನೋಡಮ್ಮ, ಇವನಿಗೆ ಹೆಂಡತಿ ಅಂತ ಇದ್ರೆ ಆ ಪೆಟ್ಟಿಗೇನೇ. ನಾನು ಹೋದ್ಮೇಲೆ ಇವನ ಗತಿ ಏನು?" ಎಂದು ಹೇಳಿ ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತರು. ನನಗೆ ಅರ್ಥವಾಗದೆ ಇರಲಿಲ್ಲ. ಆಗ ನನಗೆ ಮೂವತ್ತೆಂಟು, ನಾನೂ ಒಬ್ಬಳೇ. ಟೈಪ್ ಯಂತ್ರದ ರಿಬ್ಬನ್ ಬದಲಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಪಾದರಸ ಬಾಯಿಬಿಟ್ಟು ಕೇಳಿದ್ದರೆ ಒಪ್ಪುತ್ತಿದ್ದೆ. ಅವರು ಕೇಳಲಿಲ್ಲ, ನಾನು ಕೇಳುವ ಪೈಕಿಯಲ್ಲ. ಅಕ್ಕ ಕಾರ್ಡನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಹೋದರು.

ಅದಾದ ಕೆಲವು ವರ್ಷಗಳ ಮೇಲೆ ಹೊರಟ ಒಂದು ಸುತ್ತಿನಲ್ಲಿ ನಾಲ್ಕು ದೇಶ ಮುಗಿದಿತ್ತು. ಉಳಿದದ್ದು ಐದನೆಯದು. ಒಪ್ಪಂದಕ್ಕೆ ಸಹಿ ಹಾಕಲು ಮೂರು ವರ್ಷ ಮೀನಮೇಷ ಎಣಿಸಿದ ದೇಶ ಅದು. ಅಲ್ಲಿನ ಠಾಣೆ ಒಂದು ಬೆಟ್ಟದ ಮೇಲೆ. ರೈಲು ಇಳಿದು ಏಳು ಗಂಟೆ ಬಸ್ಸಿನಲ್ಲಿ ಹೋಗಬೇಕು. ಬಸ್ಸಿನಲ್ಲಿ ನಡೆದದ್ದನ್ನು ಅವರು ಎಷ್ಟೋ ಕಾಲದ ಮೇಲೆ ನನಗೆ ಹೇಳಿದರು. ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ.

ಹನ್ನೊಂದು ದಿನದಿಂದ ಯಾರೂ ಅವರನ್ನು ಒಂದು ಮಾತೂ ಆಡಿಸಿರಲಿಲ್ಲ. ಎಣಿಸಿದ್ದರಂತೆ. ಬಸ್ಸು ಒಂದು ಕಡೆ ನಿಂತಾಗ ಮುಂದಿನ ಸೀಟಿನಲ್ಲಿದ್ದ ನಡುವಯಸ್ಸಿನ ಮನುಷ್ಯ ತಿರುಗಿ, "ಬನ್ನಿ, ಒಂದು ಲೋಟ ಚಹಾ ಕುಡಿಯೋಣ. ಒಬ್ಬನೇ ಕುಡಿದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ" ಎಂದ. ಆ ದೇಶದವರ ಮಾತು ನಮ್ಮ ಮಾತಿಗೆ ಹತ್ತಿರದ್ದೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. ಪಾದರಸ ಪೆಟ್ಟಿಗೆ ನೋಡಿದರು. ಎದುರು ಸೀಟಿನ ಮುದುಕಿ, "ಹೋಗಿ ಬಾರಪ್ಪ, ನಾನು ನೋಡ್ಕೋತೀನಿ" ಎಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಪೆಟ್ಟಿಗೆಯನ್ನು ಕಿಟಕಿ ಮೂಲೆಗೆ ಒರಗಿಸಿ ಕೆಳಗಿಳಿದರು. ಚಹಾ ಕುಡಿದರು. ಆ ಮನುಷ್ಯ ತನ್ನ ಮಗಳ ಮದುವೆ, ತನ್ನ ಮಂಡಿನೋವು ಎಲ್ಲ ಹೇಳಿದ. ಇವರೂ ಏನೇನೋ ಹೇಳಿದರು. ಚಾಲಕ ಹಾರ್ನ್ ಹೊಡೆದಾಗ ಓಡಿ ಬಂದು ಹತ್ತಿದರು. ಬಸ್ಸಿನ ಹಿಂದಿನ ತುದಿಯಲ್ಲಿ ಎರಡು ಸೀಟು ಖಾಲಿಯಾಗಿದ್ದವು, ಅಲ್ಲೇ ಇಬ್ಬರೂ ಮಾತು ಮುಂದುವರಿಸಿ ಕೂತರು. ಬಸ್ಸು ಬೆಟ್ಟದ ರಸ್ತೆಯಲ್ಲಿ ಎತ್ತಿ ಎತ್ತಿ ಹಾಕುತ್ತಿತ್ತು. ಹತ್ತು ನಿಮಿಷದ ಮೇಲೆ ನೆನಪಾಗಿ ತಮ್ಮ ಜಾಗಕ್ಕೆ ಬಂದರೆ, ಪೆಟ್ಟಿಗೆ ನೆಟ್ಟಗೆ ನಿಂತಿತ್ತು.

ಮುದುಕಿ ಹೇಳಿದಳಂತೆ: "ಮುಚ್ಚಳ ಕೆಳಗೆ ಮಾಡಿ, ತಲೆಕೆಳಗಾಗಿ ಇಟ್ಟು ಹೋಗಿದ್ದೆಯಲ್ಲಪ್ಪ, ಸರಿಮಾಡಿ ನಿಲ್ಲಿಸಿದ್ದೀನಿ."

ಆಕೆಯ ತಪ್ಪೇನಿದೆ? ತಲೆಕೆಳಗಾದದ್ದನ್ನು ಕಂಡರೆ ಎತ್ತಿ ನಿಲ್ಲಿಸುವುದು ಒಳ್ಳೆಯವರ ಕೈಗೆ ಬಂದ ಗುಣ. ಪಾದರಸ ಆಕೆಗೆ ಉಪಕಾರವಾಯಿತು ಎಂದೇ ಹೇಳಿದರಂತೆ. ಪೆಟ್ಟಿಗೆಯನ್ನು ಮತ್ತೆ ಬುಡಮೇಲು ಮಾಡಿ ತೊಡೆಯ ಮೇಲೆ ಇಟ್ಟುಕೊಂಡರು. ದಿನಚರಿ ಪುಸ್ತಕ ತೆಗೆದು ಪೆನ್ಸಿಲಿನಲ್ಲಿ, 'ಚಹಾಕ್ಕೆ ಇಳಿದಿದ್ದೆ. ಬಂದಾಗ ಪೆಟ್ಟಿಗೆ ನೆಟ್ಟಗಿತ್ತು' ಎಂದು ಬರೆದರು. ಬೇರೆ ಯಾರು ಓದಿದರೂ ಎಲ್ಲ ಚೆನ್ನಾಗಿಯೇ ಇತ್ತಲ್ಲ ಅನ್ನಿಸುವ ಸಾಲು. ನಮ್ಮ ಕಚೇರಿಯಲ್ಲಿ ಓದಿದವರ ಎದೆ ಧಸಕ್ಕೆನ್ನುತ್ತಿತ್ತು.

ಬೆಟ್ಟದ ಠಾಣೆಯ ವೀಕ್ಷಕರು ಐವತ್ತು ದಾಟಿದವರು, ಕಡ್ಡಿಯಂಥ ಮೈ, ಹೆಂಡತಿ ಮಕ್ಕಳು ಕೆಳಗೆ ಊರಿನಲ್ಲಿ. ವಾರಕ್ಕೊಂದು ದಿನ ಇಳಿದು ಹೋಗಿ ಬರುತ್ತಿದ್ದರು. ಉಳಿದ ದಿನ ಅವರೂ ಅವರ ಮಾಪಕವೂ ಗಾಳಿಯೂ. ಅವರ ಅಕ್ಷರ ನನಗೆ ಗೊತ್ತಿತ್ತು. ಪ್ರತಿ ತಿಂಗಳೂ ಆ ಠಾಣೆಯ ಲೆಕ್ಕದ ಹಾಳೆ ನಮಗೆ ಬರುತ್ತಿತ್ತು. ಮುತ್ತು ಪೋಣಿಸಿದ ಹಾಗೆ ಅಂಕಿಗಳು, ಎಲ್ಲೂ ಒಂದು ಚಿತ್ತಿಲ್ಲ. ಆ ಹಾಳೆ ಬಂದ ದಿನ ನನ್ನ ಸಿಡುಕು ಸ್ವಲ್ಪ ಕಡಿಮೆ ಇರುತ್ತಿತ್ತು.

ಎರಡೂ ಮಾಪಕಗಳನ್ನು ಪಕ್ಕ ಪಕ್ಕ ನೇತುಹಾಕಿ ನೋಡಿದರೆ ಠಾಣೆಯದ್ದು ಪಾಯಿಂಟ್ ಆರು ಮಿಲಿಮೀಟರಿನಷ್ಟು ಹೆಚ್ಚು ತೋರಿಸಿತು. ಎರಡು ದಿನ ಮೂವತ್ತು ಸಲ ನೋಡಿದರೂ ಅಷ್ಟೇ. ವೀಕ್ಷಕರು ಮೊದಲ ದಿನವೇ ಹೇಳಿದರಂತೆ: "ನನ್ನದು ಸರಿ ಇದೆ ಸಾರ್. ನಿಮ್ಮದನ್ನು ಸ್ವಲ್ಪ ಓರೆ ಮಾಡಿ ನೋಡಿ, ಸದ್ದು ಕೇಳಿ." ನಳಿಗೆಯಲ್ಲಿ ಗಾಳಿ ಇಲ್ಲದಿದ್ದರೆ, ಓರೆ ಮಾಡಿದಾಗ ಪಾದರಸ ಗಾಜಿನ ತುದಿಗೆ ಟಣ್ ಎಂದು ಬಡಿಯುತ್ತದೆ. ಗಾಳಿ ಇದ್ದರೆ ಸದ್ದು ಮೊಂಡು. ಪಾದರಸ ಓರೆ ಮಾಡಿ ನೋಡಲಿಲ್ಲ. ಗೊತ್ತಾಗಿಬಿಡುತ್ತದಲ್ಲ ಎಂಬ ಭಯ. "ಕಚೇರಿಗೆ ಹೋದ್ಮೇಲೆ ನೋಡ್ತೀನಿ" ಎಂದು ಹೇಳಿ ಕಟ್ಟಿಕೊಂಡು ಬಂದರು.

ಕಚೇರಿಗೆ ಬಂದ ಮೇಲೆ ನೋಡಿದರು. ಸುತ್ತು ಮುಗಿದ ಮೇಲೆ ನಮ್ಮ ಮೂಲ ಮಾಪಕದ ಜೊತೆ ಇನ್ನೊಮ್ಮೆ ಹೋಲಿಸುವುದು ಪದ್ಧತಿ. ಹೊರಟಾಗ ಸರಿಸಮ ಇದ್ದ ಪೆಟ್ಟಿಗೆಯ ಮಾಪಕ ಈಗ ಪಾಯಿಂಟ್ ಆರು ಕಡಿಮೆ ತೋರಿಸುತ್ತಿತ್ತು. ಯಾವ ಅನುಮಾನಕ್ಕೂ ಎಡೆಯಿಲ್ಲ. ಬೆಟ್ಟದ ಠಾಣೆಯ ಮಾಪಕ ಕರಾರುವಾಕ್ಕಾಗಿತ್ತು, ಕೆಟ್ಟದ್ದು ನಮ್ಮದು.

ಅವತ್ತು ಮಧ್ಯಾಹ್ನ ನಿರ್ದೇಶಕರ ಕೋಣೆಯಲ್ಲಿ ನಾನೂ ಇದ್ದೆ, ಪತ್ರ ಬರೆದುಕೊಳ್ಳಲು. ಐದು ದೇಶದವರ ಸಭೆಗೆ ಹನ್ನೆರಡು ದಿನ ಉಳಿದಿತ್ತು. ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಆದರೆ ಸಭೆ ಎಂದರೆ ಅವರಿಗೆ ಮನೆಯ ಮದುವೆ ಇದ್ದ ಹಾಗೆ.

"ಬರುವಾಗ ರೈಲಲ್ಲಿ ಪೆಟ್ಟು ಬಿದ್ದಿರಬೇಕು ಅಲ್ವಾ?" ಎಂದು ಕೇಳಿದರು. "ಬರುವಾಗ ಆಗಿದ್ರೆ ಐದು ಠಾಣೆಯ ಲೆಕ್ಕವೂ ನಿಲ್ಲುತ್ತೆ. ಹೋಗುವಾಗಲೇ ಆಗಿದ್ರೆ ಬೆಟ್ಟದ ಠಾಣೆಯದ್ದು ಬಿದ್ದುಹೋಗುತ್ತೆ. ಆ ದೇಶದವರ ಕಾಲಂ ಒಂದೇ ಖಾಲಿ ಬಿಟ್ಟು ಪಟ್ಟಿ ಮಂಡಿಸಿದ್ರೆ ಅವರು ಎದ್ದು ಹೋಗ್ತಾರೆ. ಮೊದಲೇ ಒಂದು ಕಾಲು ಹೊರಗಿಟ್ಟುಕೊಂಡು ಕೂತಿದ್ದಾರೆ. ಯಾವಾಗ ಆಯ್ತು ಅಂತ ನಿಮಗೆ ನೆನಪಿದೆಯಾ?"

ಪಾದರಸ ದಿನಚರಿ ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ "ಬರುವಾಗ, ಸಾರ್" ಎಂದರು.

ಸಂಜೆಗೆ ಮೊದಲು ಅವರು ದಿನಚರಿ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದರು. ವರದಿಯ ಜೊತೆ ದಿನಚರಿಯ ಪ್ರತಿಯನ್ನೂ ಟೈಪ್ ಮಾಡಿ ಲಗತ್ತಿಸಬೇಕಿತ್ತು. ಆ ಪುಟ ಬಂದಾಗ ನನ್ನ ಬೆರಳು ನಿಂತಿತು. ಪೆನ್ಸಿಲಿನ ಸಾಲಿನ ಮೇಲೆ ಇನ್ನೊಂದು ಪೆನ್ಸಿಲಿನ ಗೆರೆ ಎಳೆದಿತ್ತು. ಕೆಳಗಿನದ್ದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ನಿಯಮದ ಪ್ರಕಾರ ಹೊಡೆದುಹಾಕಿದ ಸಾಲನ್ನೂ ಹೊಡೆದುಹಾಕಿದೆ ಎಂದು ನಮೂದಿಸಿ ಟೈಪ್ ಮಾಡಲೇಬೇಕು. ನಾನು ತಲೆ ಎತ್ತಿ ನೋಡಿದೆ.

"ಆ ಸಾಲು ಬಿಟ್ಟುಬಿಡಿ ಮೇಡಂ" ಎಂದರು. ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು.

ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ. ಒಂದು ಲೋಟ ನೀರನ್ನೂ ಕೇಳಿದವರಲ್ಲ. ಕೊನೆಗೂ ನನ್ನ ಹತ್ತಿರ ಏನೋ ಕೇಳಿದರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಸುಳ್ಳು ಹೇಳುವುದಿಲ್ಲ, ಹಿಗ್ಗೇ ಆಯಿತು. ಆ ಸಾಲು ಬಿಟ್ಟೆ. ಮುಂದಿನ ಸಾಲನ್ನು ಮೇಲೆ ಸರಿಸಿದೆ. ನನ್ನ ಟೈಪು ಅಚ್ಚುಕಟ್ಟು, ಎಲ್ಲೂ ಸಂದು ಕಾಣಲಿಲ್ಲ.

ಸಭೆ ಸುಸೂತ್ರವಾಗಿ ಆಯಿತು. ಐದು ದೇಶ, ಐದು ಕಾಲಂ. ಬೆಟ್ಟದ ಠಾಣೆಯ ಕಾಲಮ್ಮಿನಲ್ಲಿ, ಮಾಪಕ ಪಾಯಿಂಟ್ ಆರು ಹೆಚ್ಚು ತೋರಿಸುತ್ತದೆ, ಅಷ್ಟನ್ನು ಕಳೆಯಬೇಕು ಎಂದು ಬರೆದಿತ್ತು. ಆ ದೇಶದವರು ಎದ್ದು ಹೋಗಲಿಲ್ಲ. ಚಪ್ಪಾಳೆ ತಟ್ಟಿದರು, ಕೈ ಕುಲುಕಿದರು, ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡರು. ಪಾದರಸ ಫೋಟೊದಲ್ಲಿ ಇಲ್ಲ.

ಎಂಟು ತಿಂಗಳ ಮೇಲೆ ಬೆಟ್ಟದ ಠಾಣೆಯಿಂದ ಬಂದ ಲೆಕ್ಕದ ಹಾಳೆಯಲ್ಲಿ ಅಕ್ಷರ ಬೇರೆಯಾಗಿತ್ತು. ಕೋಳಿ ಕೆದರಿದ ಹಾಗೆ. ವೀಕ್ಷಕರಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡೆ. ಮುಂದಿನ ತಿಂಗಳೂ ಅದೇ. ಅದರ ಜೊತೆಗೆ ಒಂದು ಪತ್ರವೂ ಇತ್ತು, ಆ ದೇಶದ ಕಚೇರಿಯಿಂದ. ಧನ್ಯವಾದ ಪತ್ರ. ತಮ್ಮ ಹೋಲಿಕೆಯ ನೆರವಿನಿಂದ ಬೆಟ್ಟದ ಠಾಣೆಯ ದೋಷ ಗೊತ್ತಾಯಿತು, ಅಲ್ಲಿನ ವೀಕ್ಷಕರು ತಪ್ಪನ್ನು ಒಪ್ಪದೆ ಹಟ ಹಿಡಿದಿದ್ದರಿಂದ ಬೇಜವಾಬ್ದಾರಿ ನೌಕರ ಎಂದು ಅವರನ್ನು ಕೆಲಸದಿಂದ ತೆಗೆಯಲಾಗಿದೆ, ತಮ್ಮ ಸಹಕಾರಕ್ಕೆ ಕೃತಜ್ಞತೆಗಳು.

ನಿರ್ದೇಶಕರು ಅದನ್ನು ಸೂಚನಾ ಫಲಕಕ್ಕೆ ಹಾಕಿಸಿದರು. ಪಾದರಸ ಫಲಕದ ಮುಂದೆ ನಿಂತು ಓದುವುದನ್ನು ನಾನು ಮೇಲಿನಿಂದ ನೋಡಿದೆ. ಓದಿ ಮುಗಿಸಿದ ಮೇಲೂ ಅಲ್ಲೇ ನಿಂತಿದ್ದರು. ಹಾದುಹೋಗುತ್ತಿದ್ದವರು ಬೆನ್ನು ತಟ್ಟಿ, "ಏನ್ ಸಾರ್, ಹೊರದೇಶದಿಂದ ಶಹಬ್ಬಾಸ್‌ಗಿರಿ! ಸಿಹಿ ಕೊಡ್ಸಲ್ವಾ?" ಎಂದರು. ಅವರು ನಕ್ಕರು. ಹಾಗೆ ನಗುವುದನ್ನು ನಾನು ಮತ್ತೆ ನೋಡಲಾರೆ.

ಆಗಲೇ ಹೇಳಬಹುದಿತ್ತು ಎಂದು ನೀವು ಕೇಳುತ್ತೀರಿ. ನನಗೂ ಅನ್ನಿಸಿತ್ತು. ಅವರು ಬರೆಯಲು ಕೂತದ್ದೂ ಉಂಟು. ಕಸದ ಬುಟ್ಟಿಯಲ್ಲಿ ಮುದುಡಿದ ಹಾಳೆಗಳನ್ನು ನಾನೇ ಬಿಡಿಸಿ ನೋಡಿದ್ದೇನೆ. 'ಮಾನ್ಯರೇ, ನನ್ನಿಂದ' ಎನ್ನುವುದರ ಮುಂದೆ ಯಾವುದೂ ಹೋಗಿರಲಿಲ್ಲ. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದರು. ಒಂದು ವರ್ಷ ಅವರ ಸೇವೆಯಲ್ಲೇ ಕಳೆಯಿತು. ಅಕ್ಕ ಹೋದಾಗ ಕಚೇರಿಯಿಂದ ನಾವು ನಾಲ್ವರು ಹೋಗಿದ್ದೆವು. ಆ ಎರಡು ಕೋಣೆಯಲ್ಲಿ ನಾವು ನಾಲ್ವರೇ, ಅವರು ಐದನೆಯವರು. ಹೊರಡುವಾಗ ನಾನು ಏನಾದರೂ ಹೇಳಬೇಕೆಂದು, "ಊಟ ತಿಂಡಿ ನೋಡ್ಕೊಳ್ಳಿ" ಎಂದೆ. ಅದಕ್ಕಿಂತ ಪೆದ್ದು ಮಾತು ನನ್ನ ಬಾಯಿಂದ ಎಂದೂ ಬಂದಿಲ್ಲ.

ಮೂರು ವರ್ಷಕ್ಕೊಮ್ಮೆ ಹೋಲಿಕೆಯ ಸುತ್ತು. ಹೊಸ ನಳಿಗೆ ಹಾಕಿಸಿದ ಮಾಪಕ ಹೊತ್ತು ಪಾದರಸ ಮತ್ತೆ ಹೊರಟರು. ಈ ಸಲ ಕಾರ್ಡು ಬರೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ಬೆಟ್ಟದ ಠಾಣೆಯಲ್ಲಿ ಆದದ್ದು ಆಗಲೇಬೇಕಾದದ್ದೇ. ಸರಿಯಿದ್ದ ಮಾಪಕದಿಂದ ಮೂರು ವರ್ಷ ದಿನವೂ ಪಾಯಿಂಟ್ ಆರು ಕಳೆದು ಕಳೆದು ಬರೆದಿದ್ದರು, ಆದ್ದರಿಂದ ಅಲ್ಲಿನ ಪ್ರತಿಯೊಂದು ಅಂಕಿಯೂ ಅಷ್ಟು ಕಡಿಮೆ. ಹೊಸ ವೀಕ್ಷಕ ಗಾಬರಿಯಾಗಿ, "ನನ್ನ ಕೆಲಸಕ್ಕೇನಾದ್ರೂ ತೊಂದರೆನಾ ಸಾರ್?" ಎಂದು ಕೇಳಿದನಂತೆ.

ಹಳೆಯ ವೀಕ್ಷಕರ ಮನೆ ಕೇಳಿಕೊಂಡು ಪಾದರಸ ಕೆಳಗಿನ ಊರಿಗೆ ಹೋದರು. ಪೆಟ್ಟಿಗೆ ಹೊತ್ತೇ ಹೋದರು. ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿಯ ಒಂದು ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮುದುಕರು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಒಂದು ಗಡಿಯಾರ ಬಿಚ್ಚಿ ಕೂತಿದ್ದರು. ತಲೆ ಎತ್ತಿ ನೋಡಿದರು, ಗುರುತು ಹಿಡಿದರು. "ಬನ್ನಿ, ಕೂತ್ಕೊಳ್ಳಿ. ಅದನ್ನು ನೆಟ್ಟಗೆ ನಿಲ್ಲಿಸ್ಬೇಡಿ ಮತ್ತೆ" ಎಂದರಂತೆ.

ಇವರು ಎಲ್ಲವನ್ನೂ ಹೇಳಿದರು. ಚಹಾ, ಮುದುಕಿ, ಹೊಡೆದುಹಾಕಿದ ಸಾಲು. ಮುದುಕರು ಕೈಯಲ್ಲಿದ್ದ ಗಡಿಯಾರವನ್ನು ಮೇಜಿನ ಮೇಲೆ ಇಡಲಿಲ್ಲ, ಹಿಡಿದುಕೊಂಡೇ ಕೇಳಿದರು.

"ನನಗೆ ಅವತ್ತೇ ಗೊತ್ತಿತ್ತು. ನೀವು ಪೆಟ್ಟಿಗೆಗೆ ಹಾಕುವಾಗ ಓರೆ ಆಯ್ತಲ್ಲ, ಆಗ ಸದ್ದು ಕೇಳಿಸ್ತು. ಮೊಂಡು ಸದ್ದು. ನಿಮ್ಮ ಮುಖ ನೋಡ್ದೆ, ನಿಮಗೂ ಕೇಳಿಸಿತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಸುಮ್ಮನೆಲ್ಲಿದ್ದೆ? ವಿಚಾರಣೆಯಲ್ಲಿ ನೂರು ಸಲ ಹೇಳ್ದೆ. ಐದು ದೇಶದ ಮಾಪಕಕ್ಕಿಂತ ನಿನ್ನದು ಹೆಚ್ಚೇನಯ್ಯಾ ಅಂತ ನಕ್ಕರು. ನನ್ನ ಹೆಂಡತಿ ಹೇಳಿದ್ಲು, ಹೋಗ್ಲಿ ಒಪ್ಕೊಂಡ್ಬಿಡಿ, ಕೆಲಸ ಉಳಿಯುತ್ತೆ ಅಂತ. ನಾನು ಹೇಳ್ದೆ, ಆ ಮನುಷ್ಯನ ಕಿವಿಗೂ ಕೇಳಿಸಿದೆ, ಇವತ್ತಲ್ಲ ನಾಳೆ ಬರೀತಾನೆ ಅಂತ. ದಿನಾ ಟಪಾಲು ಬರೋ ಹೊತ್ತಿಗೆ ಬಾಗಿಲಲ್ಲಿ ನಿಂತಿರ್ತಿದ್ದೆ." ಇಷ್ಟು ಹೇಳಿ ಭೂತಗನ್ನಡಿ ತೆಗೆದರಂತೆ. "ಮೂರು ವರ್ಷ ಆಯ್ತು ಸಾರ್. ಅವಳೂ ಹೋದ್ಲು. ನನ್ನ ಗಂಡ ಸುಳ್ಳು ಲೆಕ್ಕ ಬರೆದವನಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ಲು. ಅವಳು ಇರೋವಾಗ ನೀವು ಬಂದಿದ್ರೆ ಚೆನ್ನಾಗಿತ್ತು."

ಬೈಯಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಒಂದು ತೂಕ ಇಳಿಯುತ್ತಿತ್ತು ಎಂದು ಪಾದರಸ ನನಗೆ ಹೇಳಿದರು. ಈ ಎಲ್ಲವನ್ನೂ ಅವರು ಹೇಳಿದ್ದು ಸುತ್ತಿನಿಂದ ಬಂದ ಮಾರನೆಯ ದಿನ, ನನ್ನ ಕೋಣೆಯಲ್ಲಿ, ಊಟದ ಬಿಡುವಿನಲ್ಲಿ. ಅಷ್ಟು ದೀರ್ಘವಾಗಿ ಅವರು ಯಾರ ಹತ್ತಿರವಾದರೂ ಮಾತನಾಡಿದ್ದಾರೆಂದು ನಾನು ನಂಬುವುದಿಲ್ಲ. ಆ ಬಸ್ಸಿನ ಮನುಷ್ಯನನ್ನು ಬಿಟ್ಟರೆ. ಮಾತು ಮುಗಿಸಿ ಜೇಬಿನಿಂದ ಎರಡು ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

"ಇದನ್ನು ಐದು ಪ್ರತಿ ಮಾಡ್ಬೇಕು ಮೇಡಂ. ಒಂದೊಂದು ದೇಶಕ್ಕೆ ಒಂದೊಂದು. ನಿರ್ದೇಶಕರಿಗೆ ಆಮೇಲೆ ಹೇಳ್ತೀನಿ, ಮೊದಲೇ ಹೇಳಿದ್ರೆ ತಡೀತಾರೆ."

ಐದು ಕಾರ್ಬನ್ ಜೋಡಿಸಿ ಯಂತ್ರಕ್ಕೆ ಏರಿಸಿದೆ. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತರು. ದಿನ, ಸ್ಥಳ, ಎಷ್ಟು ಹೊತ್ತು ಪೆಟ್ಟಿಗೆ ಬಿಟ್ಟು ಹೋಗಿದ್ದೆ, ಎಲ್ಲವೂ ಕ್ರಮವಾಗಿ ಬರೆದಿತ್ತು. ಆ ಮುದುಕಿಯ ಮೇಲಾಗಲಿ, ರಸ್ತೆಯ ಮೇಲಾಗಲಿ, ನಿರ್ದೇಶಕರ ಮೇಲಾಗಲಿ ಒಂದಕ್ಷರ ಹಾಕಿರಲಿಲ್ಲ. ಬೆಟ್ಟದ ಠಾಣೆಯ ವೀಕ್ಷಕರು ಅಂದೂ ಸರಿ, ಇಂದೂ ಸರಿ ಎಂದಿತ್ತು. ಎರಡನೆಯ ಹಾಳೆಯ ಕೊನೆಗೆ ಬಂದೆ. 'ದಿನಚರಿಯ ಆ ಸಾಲನ್ನು ನಾನೇ ಹೊಡೆದುಹಾಕಿ, ಪ್ರತಿಯಲ್ಲಿ ಬಾರದಂತೆ ನೋಡಿಕೊಂಡೆ. ಈ ವಿಷಯ ನನ್ನೊಬ್ಬನಿಗಲ್ಲದೆ ಕಚೇರಿಯಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲ.'

ನನ್ನ ಬೆರಳು ನಿಂತಿತು. ಅವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಕಿಟಕಿಯ ಕಡೆ ತಿರುಗಿರಲಿಲ್ಲ. ನನಗೂ ತಿಳಿದಿತ್ತು, ನಾನೇ ಬಿಟ್ಟೆ ಎಂದು ಅಲ್ಲೇ ಒಂದು ಸಾಲು ಸೇರಿಸಬಹುದಿತ್ತು. ಯಾರ ಅಪ್ಪಣೆಯೂ ಇಲ್ಲದೆ ಎಷ್ಟು ಜನರ ಬರವಣಿಗೆಯಲ್ಲಿ ಕೈಯಾಡಿಸಿದವಳು ನಾನು! ಬಾಯಲ್ಲಾದರೂ ಹೇಳಬಹುದಿತ್ತು. ನನಗೆ ಹೆದರಿಕೆ ಆಯಿತು. ಕೆಲಸ ಹೋದರೆ ಏನು ಗತಿ ಎಂಬ ಹೆದರಿಕೆ. ಅವರು ಬರೆದದ್ದನ್ನು ಬರೆದ ಹಾಗೆಯೇ ಟೈಪ್ ಮಾಡಿದೆ.

ಐದು ದೇಶಗಳಲ್ಲಿ ಆ ಠಾಣೆಯ ಮೂರು ವರ್ಷದ ಲೆಕ್ಕ ತಿದ್ದಿದರು. ಆ ದೇಶದವರು ಒಪ್ಪಂದ ಬಿಟ್ಟು ಹೋಗಲಿಲ್ಲ. ತಮ್ಮ ಮಾಪಕವೇ ಸರಿಯಿತ್ತು ಎಂದು ಸಭೆಯಲ್ಲಿ ಎದೆಯುಬ್ಬಿಸಿ ಕೂತರು. ಹಳೆಯ ವೀಕ್ಷಕರ ಮೇಲಿನ ಆರೋಪವನ್ನು ಹಿಂದಕ್ಕೆ ಪಡೆದಿದೆ ಎಂದು ಒಂದು ಸಾಲಿನ ಆದೇಶ ಹೊರಟಿತು. ಅವರಿಗೆ ವಯಸ್ಸು ಮೀರಿತ್ತು, ಕೆಲಸ ತಿರುಗಿ ಸಿಗಲಿಲ್ಲ. ಆ ಆದೇಶವನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ ಎಂದು ಕೇಳಿದೆ.

ಪಾದರಸರನ್ನು ಅವಧಿಗೆ ಎರಡು ವರ್ಷ ಮೊದಲೇ ಮನೆಗೆ ಕಳಿಸಿದರು. ಅದಕ್ಕೆ ಮುಂಚಿನ ಎರಡು ತಿಂಗಳು ಕಚೇರಿಯಲ್ಲಿ ಯಾರೂ ಅವರ ಜೊತೆ ಕೂತು ಊಟ ಮಾಡಲಿಲ್ಲ. ಕಚೇರಿಯ ಮಾನ ಹರಾಜು ಹಾಕಿದವರು ಎಂದು ಕೋಪ. ಅವರು ಒಬ್ಬರೇ ಉಪಕರಣದ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ನಾನೂ ಹೋಗಿ ಕೂರಲಿಲ್ಲ. ಹೋದರೆ ಜನ ಏನೋ ಊಹಿಸಿಯಾರು, ಆ ಊಹೆ ಎಲ್ಲಿಗೋ ಹೋಗಿ ಮುಟ್ಟೀತು ಎಂದು.

ಆಮೇಲೆ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ನಿವೃತ್ತಿಯ ದಿನ ನನ್ನ ಪ್ರಾಮಾಣಿಕತೆಯ ಬಗ್ಗೆ ಮೂವರು ಭಾಷಣ ಮಾಡಿದರು. ಆ ವಾರವೇ ಅವರ ಮನೆಗೆ ಹೋಗಿ ಮಾತನಾಡಿಸುವುದೆಂದು ನಿಶ್ಚಯಿಸಿ ಹೋದೆ. ಬಾಗಿಲು ತೆಗೆದವರು ಬೇರೆ ಯಾರೋ ಹೆಂಗಸು. "ಅವರಾ? ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ. ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದರು. ಒಂದೇ ಕಚೇರಿಯಲ್ಲಿ ಇದ್ದೆವು ಎಂದೆ.

ಆ ಹಾಳೆಯ ಒಂದು ಕಾರ್ಬನ್ ಪ್ರತಿ ನನ್ನ ಹತ್ತಿರ ಈಗಲೂ ಇದೆ. ಕಾರ್ಬನ್ ಮಾಸಿದೆ, ಆದರೆ ಓದಬಹುದು. ನನ್ನೊಬ್ಬನಿಗಲ್ಲದೆ ಎಂಬಲ್ಲಿಗೆ ಬಂದಾಗ ಇವತ್ತಿಗೂ ನನಗೆ ಮುಂದೆ ಓದಲಾಗುವುದಿಲ್ಲ. ಅವರ ಜೀವಮಾನದಲ್ಲಿ ಅವರ ಜೊತೆ ಪಾಲು ಹಂಚಿಕೊಳ್ಳಲು ನನಗೆ ಸಿಕ್ಕಿದ್ದು ಆ ಒಂದು ತಪ್ಪು. ಅದರಲ್ಲೂ ಅವರನ್ನು ಒಬ್ಬರನ್ನೇ ಬಿಟ್ಟೆ.